ಕೂಲರ್ ಕಾಕಾ ಕೇಳಿದ ಒಂದು ಗೇಣು ಕಿಟಕಿ

ಕಾಕಾ ತೀರಿಕೊಂಡರೆಂದು ಫೋನಿನಲ್ಲಿ ಹೇಳಿದವಳು ನಮ್ಮ ಹಳೆಯ ಆಸ್ಪತ್ರೆಯ ಆಯಾ. ಅದೂ ಮಣ್ಣಾಗಿ ಮೂರು ದಿನವಾದ ಮೇಲೆ. "ನಿಮಗ ಯಾರರ ಹೇಳಿರ್ತಾರ ಅನ್ಕೊಂಡಿದ್ನಿರಿ ಅಕ್ಕೋರ" ಅಂದಳು. ನನಗೆ ಯಾರು ಹೇಳಬೇಕು, ಯಾಕೆ ಹೇಳಬೇಕು? ಆ ಮನುಷ್ಯನ ಕೆಲಸ ಹೋದದ್ದು ನನ್ನ ಸಹಿಯಿಂದ. ಹೋದ ಕೆಲಸ ತಿರುಗಿ ಸಿಗದೆ ಉಳಿದದ್ದು ನನ್ನ ಬಾಯಿಯಿಂದ. ಎರಡೂ ಒಂದು ಕಿಟಕಿಯ ಸಲುವಾಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅವರ ಮಾತು, ತಮಾಷೆ ಬರೆಯುತ್ತ ಬರೆಯುತ್ತ ನಾನೂ ಒಳ್ಳೆಯವಳ ಹಾಗೆ ಕಾಣಿಸಿಕೊಂಡುಬಿಡುತ್ತೇನೆ.

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿ ಬಿಟ್ಟು ಸ್ವಲ್ಪ ಒಳಗೆ, ಕಾಲುವೆ ದಂಡೆಗೆ ಒಂದು ಟ್ರಸ್ಟಿನ ಆಸ್ಪತ್ರೆ. ಹೆಸರು ಬೇಡ. ಅಲ್ಲಿ ನಾನು ಇಪ್ಪತ್ತೆರಡು ವರ್ಷ ಸಿಸ್ಟರ್ ಆಗಿದ್ದೆ, ಹೆಚ್ಚಿನ ಕಾಲ ಬಾಣಂತಿ ವಾರ್ಡಿನಲ್ಲಿ. ಕಾಕಾ ನನಗಿಂತ ಮೊದಲಿನವರು. ಮೋಟಾರು, ಲೈಟು, ಕೂಲರು, ಬಿಸಿನೀರಿನ ಬಾಯ್ಲರು ಎಲ್ಲ ಅವರ ಸುಪರ್ದಿಯಲ್ಲಿದ್ದವು. ಗೋಗಿ ಕಡೆಯವರು. ಕಾಲುವೆ ಕೆಲಸ ನಡೆದಿದ್ದಾಗ ಭೀಮರಾಯನಗುಡಿ ಕ್ಯಾಂಪಿಗೆ ಕೂಲಿಗೆ ಹೋಗಿದ್ದರಂತೆ. ಎಂಜಿನಿಯರರ ಕೋಣೆಗಳ ಕಿಟಕಿಗೆ ಲಾವಂಚದ ತಟ್ಟಿ ಕಟ್ಟುತ್ತಿದ್ದ ಕಾಲ ಅದು. ತಟ್ಟಿಗೆ ನೀರು ಹೊಡೆಯುವ ಕೆಲಸ ಇವರಿಗೆ ಬಿತ್ತು. ಅಲ್ಲಿಂದ ಗಾಳಿಯ ಹುಚ್ಚು ಹಿಡಿಯಿತು, ಒಬ್ಬ ಮೆಕ್ಯಾನಿಕ್‌ನ ಬೆನ್ನು ಹತ್ತಿ ಉಳಿದದ್ದನ್ನು ಕಲಿತರು. ಅವರ ಖರೇ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಎಲ್ಲರಿಗೂ ಅವರು ಕೂಲರ್ ಕಾಕಾ.

ನೋಡಲು ಎತ್ತರ, ಮೈಯಲ್ಲಿ ಒಂದು ತೊಲ ಮಾಂಸವಿಲ್ಲ. ಖಾಕಿ ಅಂಗಿಯ ಒಂದು ಕಿಸೆಯಲ್ಲಿ ಟೆಸ್ಟರ್, ಇನ್ನೊಂದರಲ್ಲಿ ಊದುಬತ್ತಿಯ ಕಟ್ಟು. ಬೆಳಿಗ್ಗೆ ಬಂದವರೇ ನಳದ ಕೆಳಗೆ ಮುಂಗೈ ತೋಯಿಸಿಕೊಂಡು ಒಂದೊಂದೇ ಬಾಗಿಲಲ್ಲಿ, ಕಿಟಕಿಯಲ್ಲಿ ಕೈಯೊಡ್ಡಿ ನಿಲ್ಲುತ್ತಿದ್ದರು. ಗಾಳಿ ಆಡುತ್ತದೋ ಇಲ್ಲವೋ ಒದ್ದೆ ಚರ್ಮಕ್ಕೆ ತಿಳಿಯುತ್ತದಂತೆ. ಅಷ್ಟರಲ್ಲಿ ತಿಳಿಯದಿದ್ದರೆ ಊದುಬತ್ತಿ ಹಚ್ಚಿ ಹೊಗೆ ಎತ್ತ ಬಾಗುತ್ತದೆ ನೋಡುವರು. ಹೊಸದಾಗಿ ಬಂದ ನನಗೆ ಇದೇನೋ ಮಶೀನಿನ ಪೂಜೆ ಅನ್ನಿಸಿತ್ತು. ಒಂದು ದಿನ ನಾನೂ ಹಿಂದೆ ನಿಂತು ಕೈ ಮುಗಿದೆ. ಅವರು ನಗಲಿಲ್ಲ. "ದೇವ್ರಿಗಲ್ರಿ ಅಕ್ಕೋರ, ಹವಾಕ್ಕ" ಅಂದರು.

ನಮ್ಮ ಮೊದಲ ಜಗಳ ಆದದ್ದು ನಾನು ಸೇರಿದ ವರ್ಷದ ಬೇಸಿಗೆಯಲ್ಲಿ. ನಮ್ಮ ಕಡೆಯ ಬೇಸಿಗೆಯಲ್ಲಿ ಮಧ್ಯಾಹ್ನ ಕಬ್ಬಿಣದ ಮಂಚದ ಕಾಲು ಮುಟ್ಟಿದರೂ ಕೈ ಚುರ್ರೆನ್ನುತ್ತದೆ. ವಾರ್ಡಿನಲ್ಲಿ ಎರಡು ದೊಡ್ಡ ಕೂಲರು ತಿರುಗುತ್ತಿದ್ದವು. ತಂಪು ಹೊರಗೆ ಹೋಗಬಾರದೆಂದು ನಾನು ಎಲ್ಲ ಕಿಟಕಿ ಹಾಕಿಸಿ, ಬಾಗಿಲಿಗೆ ಪರದೆ ಎಳೆಸಿದ್ದೆ. ಅರ್ಧ ತಾಸಿನಲ್ಲಿ ಒಳಗೆಲ್ಲ ಜಿಗುಟು. ಬಾಣಂತಿಯರ ಕುತ್ತಿಗೆಯಲ್ಲಿ ಬೆವರು, ಕೂಸುಗಳು ಒಂದೇ ಸಮ ಅಳು. ಕಾಕಾ ಬಂದವರೇ ಎದುರು ಗೋಡೆಯ ಎರಡು ಕಿಟಕಿ ತೆಗೆದರು. ನಾನು ಹಾಕಿದೆ. ಅವರು ತಿರುಗಿ ತೆಗೆದರು.

"ಥಂಡಿ ಎಲ್ಲಾ ಹೊರಗ ಹೋಗ್ತದಲ್ಲ ಕಾಕಾ" ಅಂದೆ.

"ಅಕ್ಕೋರ, ನಿಮ್ಮ ಕುಡಿಯಾ ನೀರಿನ ಹೂಜಿ ಎಲ್ಲಿ ಇಡ್ತೀರಿ?"

"ಕಿಡಕಿ ಕಟ್ಟಿ ಮ್ಯಾಲೆ."

"ಯಾಕ? ಕಪಾಟಿನ್ಯಾಗ ಇಟ್ಟು ಬಾಗಲಾ ಹಾಕಿ ನೋಡ್ರಿ. ಅಲ್ಲಿ ನೀರು ತಂಪಾದ್ರ ನಾಳಿಂದ ನಾ ಕೆಲಸಕ್ಕ ಬರಂಗಿಲ್ಲ."

ಹಟಕ್ಕೆ ಬಿದ್ದು ನಾನು ಒಂದು ಹೂಜಿಯನ್ನು ಔಷಧಿ ಕಪಾಟಿನಲ್ಲಿಟ್ಟೆ. ಮರುದಿನ ಕುಡಿದು ನೋಡಿದರೆ ಉಗುರುಬೆಚ್ಚಗಿನ ನೀರು. ಅವರು ಕೆಲಸಕ್ಕೆ ಬಂದರು. ನಾನು ಸೋತೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಕಿಟಕಿ ಮಾತ್ರ ತೆಗೆಸಿಟ್ಟೆ. ಅವರ ಲೆಕ್ಕ ಸರಳವಾಗಿತ್ತು. ಕೂಲರು ಹೊರಗಿನ ಗಾಳಿಯನ್ನು ತೋಯಿಸಿ ಒಳಗೆ ದೂಡುತ್ತದೆ, ಒಳಗಿನದು ಹೋಗಲು ದಾರಿ ಇರದಿದ್ದರೆ ಒಳಗಿನ ಹಸಿಯೇ ಸುತ್ತುತ್ತದೆ. "ಥಂಡಿ ಅಂಬೋದು ಎಲ್ಲಿಂದರ ತರೋ ಸಾಮಾನಲ್ರಿ. ಬಿಸಿ ಹೊರಗ ಹಾಕೋದು ಅಷ್ಟ ನಮ್ಮ ಕೆಲಸ" ಅನ್ನುತ್ತಿದ್ದರು.

ಬಾಣಂತಿ ವಾರ್ಡಿನಲ್ಲಿ ಈ ಮಾತು ನಡೆಸುವುದು ಸುಲಭವಿರಲಿಲ್ಲ. ನಮ್ಮಲ್ಲಿ ಬಾಣಂತಿಗೆ ಗಾಳಿ ಸೋಕಬಾರದು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಿಟಕಿಯ ಸಂದಿಗೆಲ್ಲ ಹಳೆ ಸೀರೆ. ಛಳಿಗಾಲದಲ್ಲಿ ಎರೆದ ಮೇಲೆ ಮಂಚದ ಕೆಳಗೆ ಕೆಂಡದ ಬುಟ್ಟಿ, ಕೂಸಿನ ತಲೆಗೆ ಲೋಬಾನದ ಹೊಗೆ. ಮುದುಕಿಯರ ಜೊತೆ ಡಾಕ್ಟರರು ಕೂಗಾಡಿ ಸೋಲುತ್ತಿದ್ದರು. ಕಾಕಾ ಕೂಗಾಡುತ್ತಿರಲಿಲ್ಲ. ಮುದುಕಿಯ ಎದುರು ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳು ಕಿರುಬೆರಳು ಚಾಚಿ ಗೇಣು ತೋರಿಸುವರು.

"ಪೂರಾ ಬ್ಯಾಡ ಆಯಿ. ಮ್ಯಾಲಿನ ಸಣ್ಣ ಕಿಡಕಿ ಒಂದ ಗೇಣು ಬಿಡು. ಕೂಸಿನ ಮ್ಯಾಲೆ ಹವಾ ಬೀಳಂಗಿಲ್ಲ, ಮ್ಯಾಲಿಂದ ಮ್ಯಾಲೆ ಹೋಗ್ತದ."

ಮುದುಕಿಯರು ಬಯ್ಯುತ್ತಲೇ ಗೇಣು ಬಿಡುತ್ತಿದ್ದರು. ಕೆಂಡದ ವಿಷಯಕ್ಕೆ ಕಾಕಾ ಇನ್ನೂ ಗಟ್ಟಿ. ಮೇಲಿನ ಕಿಟಕಿ ತೆರೆಯದೆ ಬುಟ್ಟಿ ಒಳಗೆ ಬರುವಂತಿರಲಿಲ್ಲ. ಹೊಗೆಯಿಲ್ಲದ ಕೆಂಡಕ್ಕೇಕೆ ಇಷ್ಟು ಹೆದರುತ್ತೀರಿ ಎಂದು ಒಮ್ಮೆ ಕೇಳಿದ್ದೆ. "ಹೊಗಿ ಇದ್ರ ಕಣ್ಣು ಉರೀತಾವ, ಎದ್ದು ಹೊರಗ ಹೋಗ್ತಾರ. ಹೊಗಿ ಇಲ್ಲದ ಕೆಂಡ ನಿದ್ದಿ ಬರಸ್ತದರಿ ಅಕ್ಕೋರ" ಅಂದಿದ್ದರು. ನಾನು ಹೂಂ ಅಂದಿದ್ದೆ. ಕೆಂಡದಿಂದೇಳುವ ವಿಷಗಾಳಿಯ ವಿಷಯ ನರ್ಸಿಂಗ್ ಪುಸ್ತಕದಲ್ಲೂ ಓದಿದ್ದೆ. ಓದಿದ್ದು ಬೇರೆ, ತಲೆಗೆ ಹತ್ತಿದ್ದು ಬೇರೆ.

ಕಾಲುವೆಯ ನೀರು ಊರಿಗೆಲ್ಲ ಒಳ್ಳೆಯದು ಮಾಡಿತು, ಕಾಕಾನಿಗೆ ಮಾತ್ರ ಮಾಡಲಿಲ್ಲ. ಮೊದಲು ಆಸ್ಪತ್ರೆಯ ಸುತ್ತ ಜೋಳ, ತೊಗರಿಯ ಹೊಲಗಳಿದ್ದವು. ಬೇಸಿಗೆಯ ಗಾಳಿ ಒಣಗಿ ಬರುತ್ತಿತ್ತು, ಅದಕ್ಕೆ ನೀರು ತಾಗಿದರೆ ಸಾಕು ತಂಪಾಗುತ್ತಿತ್ತು. ನೀರು ಬಂದ ಮೇಲೆ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಎರಡನೇ ಬೆಳೆಗೆ ಗದ್ದೆಯಲ್ಲಿ ನೀರು ಕಟ್ಟಿದ ದಿನಗಳಲ್ಲಿ ಗಾಳಿ ಬರುವಾಗಲೇ ಹಸಿಯಾಗಿ ಬರತೊಡಗಿತು. ಅದೇ ಕೂಲರು, ಅದೇ ನೀರು, ತಂಪಿಲ್ಲ. ಕಾಕಾ ನೀರು ಹಾಕುವುದರಲ್ಲಿ ಸೋಮಾರಿತನ ಮಾಡುತ್ತಾರೆ ಎಂದು ಶುರುವಾದ ಮಾತು, ಕೂಲರಿಗೆ ಹಾಕುವ ಲಾವಂಚ ಮಾರಿಕೊಳ್ಳುತ್ತಾರೆ ಎನ್ನುವವರೆಗೆ ಹೋಯಿತು. ಇನ್ನಷ್ಟು ನೀರು ಬಿಡು ಎಂದು ದೊಡ್ಡ ಡಾಕ್ಟರರು ಎಲ್ಲರೆದುರು ಗದರಿದರು. ಅಂಥ ದಿನಗಳಲ್ಲಿ ಕಾಕಾ ನೀರಿನ ಪಂಪು ಬಂದ್ ಮಾಡಿ, ಬರೀ ಗಾಳಿ ಬಿಟ್ಟು, ಕಿಟಕಿ ಪೂರಾ ತೆಗೆದಿಡುತ್ತಿದ್ದರು. ಅದೇ ಸರಿಯಾದ ಉಪಾಯ. ಆದರೆ ನೋಡುವವರ ಕಣ್ಣಿಗೆ ನೀರು ಉಳಿಸುವ ಕಳ್ಳ.

"ತೊಯ್ದ ಟವೆಲಿನಿಂದ ತೊಯ್ದ ಮೈ ಒರಸಿದ್ರ ಏನು ಒಣಗತದ್ರಿ" ಅಂತ ನನ್ನೆದುರು ಅಂದರು. ದೊಡ್ಡ ಡಾಕ್ಟರರ ಎದುರು ಅನ್ನಲಿಲ್ಲ. ನಾನು ಅವರ ಪರವಾಗಿ ಅನ್ನಬಹುದಿತ್ತು, ನಾನೂ ಅನ್ನಲಿಲ್ಲ. ನನ್ನ ಈ ಮುಚ್ಚಿದ ಬಾಯಿಗೆ ಅಲ್ಲಿಂದಲೇ ರೂಢಿ.

ಮುಂದೆ ಯಾರೋ ದಾನಿಗಳು ಹೊಸ ಕಟ್ಟಡ ಕಟ್ಟಿಸಿ ಎಸಿ ಕೂಡಿಸಿಕೊಟ್ಟರು. ಬಾಣಂತಿ ವಾರ್ಡು ಅಲ್ಲಿಗೆ ಹೋಯಿತು, ಪಕ್ಕಕ್ಕೊಂದು ಸ್ಪೆಶಲ್ ರೂಮೂ ಬಂತು. ಎಸಿ ಬಂದ ಮೇಲೆ ಎಲ್ಲರೂ ಪಂಡಿತರಾದರು. ಬಿಸಿಲಿನಿಂದ ಬಂದವರು ಬಂದ ಕೂಡಲೇ ಹದಿನಾರಕ್ಕೆ ಇಳಿಸುವರು, ಲಗೂನ ತಂಪಾಗಲಿ ಅಂತ. ಸ್ವಲ್ಪ ಹೊತ್ತಿಗೆ ನಡುಗಿ ಬಂದ್ ಮಾಡುವರು. ಕಾಕಾ ಅವರಿಗೆ ಹೇಳುವುದನ್ನು ನಾನು ಹತ್ತು ಸಲ ಕೇಳಿದ್ದೇನೆ: "ಯಾದಗಿರಿಯಿಂದ ಶಹಾಪುರಕ್ಕ ಹೋಗೋರು ಸುರಪುರದ ಟಿಕೀಟು ತಗೊಂಡ್ರ ಬಸ್ಸು ಜೋರು ಓಡ್ತದೇನ್ರಿ? ಓಡೋದು ಅಷ್ಟ ಜೋರು. ನೀವು ಇಳಿಯೋ ಊರು ದಾಟಿ ಹೋಗ್ತೀರಿ." ಪ್ರತಿ ಬೇಸಿಗೆ ಗ್ಯಾಸ್ ತುಂಬಿಸಬೇಕೆನ್ನುವವರಿಗೆ, ಅದು ಲಾಟೀನಿನ ಎಣ್ಣೆಯಲ್ಲ ಉರಿದು ಹೋಗಲು, ಕಡಿಮೆಯಾಗಿದ್ದರೆ ಎಲ್ಲೋ ತೂತಿದೆ, ತೂತು ಹುಡುಕಿ ಅನ್ನುವರು.

ನಮ್ಮ ಡ್ಯೂಟಿ ರೂಮಿನಲ್ಲಿ ನನಗೂ ಇನ್ನೊಬ್ಬ ಹಿರಿಯ ಸಿಸ್ಟರಿಗೂ ಎಸಿಯ ಸಲುವಾಗಿ ದಿನಾ ರಗಳೆ. ನನಗೆ ಸೆಕೆ, ಆಕೆಗೆ ಛಳಿ. ಒಂದು ದಿನ ಕಾಕಾ ರಿಮೋಟು ತಮ್ಮ ಹತ್ತಿರ ಇಟ್ಟುಕೊಂಡು, ಗೋಡೆಗೆ ಒಂದು ತಿರುಗಿಸುವ ಗುಂಡಿ ಕೂಡಿಸಿ, ಇನ್ನು ಇದರಿಂದ ಹೆಚ್ಚು ಕಡಿಮೆ ಮಾಡಿಕೊಳ್ಳಿರಿ ಅಂದರು. ಆಕೆ ಬಂದು ಬಲಕ್ಕೆ ತಿರುಗಿಸುವಳು, ನಾನು ಬಂದು ಎಡಕ್ಕೆ. ಇಬ್ಬರಿಗೂ ಹಾಯೆನಿಸುತ್ತಿತ್ತು. ಎರಡು ಬೇಸಿಗೆ ಜಗಳವಿಲ್ಲದೆ ಕಳೆದವು. ಸುಣ್ಣ ಬಣ್ಣ ಮಾಡುವವರು ಗುಂಡಿ ಕಿತ್ತಾಗ ನೋಡಿದರೆ ಹಿಂದೆ ಬರೀ ಗೋಡೆ, ಒಂದು ವೈರೂ ಇಲ್ಲ. ನಾನು ಬಾಯಿಗೆ ಬಂದಂತೆ ಬೈದೆ. "ಸುಳ್ಳು ಹೇಳಿದ್ನಿ ಖರೆ. ಇಬ್ಬರಿಗೂ ಸಮಾಧಾನ ಬೇಕಾಗಿತ್ತು, ಹವಾ ಬೇಕಾಗಿದ್ದಿಲ್ಲ. ಹವಾ ಬೇಕಾದಲ್ಲಿ ನಾ ಸುಳ್ಳು ಹೇಳಂಗಿಲ್ರಿ" ಅಂದರು.

ಹವಾ ಬೇಕಾದಲ್ಲಿ ಅಂದರೆ ಬಾಣಂತಿ ವಾರ್ಡಿನಲ್ಲಿ. ಹೊಸ ಕಟ್ಟಡ ನೋಡಿದ ದಿನವೇ ಅವರ ಮುಖ ಬಾಡಿತ್ತು. ಸ್ಪೆಶಲ್ ರೂಮಿಗೆ ನನ್ನನ್ನು ಕರೆದುಕೊಂಡು ಹೋಗಿ, ಬಾಗಿಲು ಕಿಟಕಿ ಹಾಕಿ, ಎಸಿ ಚಾಲೂ ಮಾಡಿ, ಊದುಬತ್ತಿ ಹಚ್ಚಿ ಹಿಡಿದರು. ಹೊಗೆ ಎದ್ದು ಎಸಿಯ ಮೇಲ್ಗಡೆಯಿಂದ ಒಳಗೆ ಹೋಯಿತು, ಕೆಳಗಡೆಯಿಂದ ಹೊರಬಂತು, ಕೋಣೆ ಸುತ್ತಿ ತಿರುಗಿ ಮೇಲೆ ಹೋಯಿತು.

"ನೋಡಿದ್ರ್ಯಾ ಅಕ್ಕೋರ? ಎಲ್ಲರೂ ಇದು ಹೊರಗಿನ ಹವಾ ತರತದ, ಒಳಗಿಂದು ಹೊರಗ ಒಗೀತದ ಅನ್ಕೊಂಡಾರ. ಇಲ್ಲ. ಹೊರಗಿನ ಡಬ್ಬಿಗೂ ಒಳಗಿನ ಡಬ್ಬಿಗೂ ಹವಾದ ಸಂಬಂಧ ಇಲ್ಲ. ಒಳಗಿನ ಬಿಸಿ ಅಷ್ಟ ನಳಿಗುಂಟ ಹೊರಗ ಹೋಗ್ತದ. ಹವಾ ಇದ್ದದ್ದ ಇದ್ದಲ್ಲೇ ತಿರುಗತದ. ಉಸಿರು ಬಿಟ್ಟದ್ದನ್ನ ತಿರುಗಿ ತಗೋಬೇಕು."

ನಾನು ಕಣ್ಣಾರೆ ನೋಡಿದೆ. ಮೇಲಿನ ಸಣ್ಣ ಕಿಟಕಿ ಒಂದು ಗೇಣು ಬಿಟ್ಟು ಅದೇ ಊದುಬತ್ತಿ ಹಿಡಿದಾಗ ಹೊಗೆ ಮೆಲ್ಲಗೆ ಅತ್ತ ಎಳೆದುಕೊಂಡು ಹೋದದ್ದನ್ನೂ ನೋಡಿದೆ.

ಎಸಿ ಇದ್ದಲ್ಲಿ ಕಿಟಕಿ ತೆರೆದಿಡುವುದು ದೊಡ್ಡ ಡಾಕ್ಟರರಿಗೆ ಕಣ್ಣಲ್ಲಿ ಕಸ ಬಿದ್ದಂತಾಗುತ್ತಿತ್ತು. ಎಲ್ಲ ಕಿಟಕಿಗೂ ಚಿಲಕ ಬಿಗಿದು, ಸಂದಿಗೆ ಮೇಣ ಹಾಕಿ ಬಂದ್ ಮಾಡಲು ಹುಕುಂ ಆಯಿತು. "ಸಾಹೇಬ್ರು ಹೇಳೋದೂ ಅರ್ಧ ಖರೇ ಅದ. ಕಿಡಕಿ ಪೂರಾ ತೆರದ್ರ ಮಶೀನು ದುಡದು ದುಡದು ಸಾಯ್ತದ. ನಾ ಪೂರಾ ಕೇಳಾಕತ್ತಿಲ್ಲ. ಮ್ಯಾಲಿಂದು ಒಂದ ಗೇಣು" ಅಂತ ಕಾಕಾ ಮೂರು ಸಲ ಅವರ ಕೋಣೆಗೆ ಹೋಗಿ ಬಂದರು. ಮೂರನೆಯ ಸಲ ಒಳಗೆ ಬಿಡಲಿಲ್ಲ. ಆ ಮೇಲೆ ಅವರು ಮಾಡಿದ್ದಿಷ್ಟು. ಏಣಿ ಹಚ್ಚಿ ವಾರ್ಡಿನ ಎರಡು, ಸ್ಪೆಶಲ್ ರೂಮಿನ ಒಂದು ಮೇಲಿನ ಕಿಟಕಿಯ ಚಿಲಕ ಕಿತ್ತು, ಪೂರಾ ಮುಚ್ಚದ ಹಾಗೆ ಕಟ್ಟಿಗೆಯ ತುಂಡು ಬಡಿದುಬಿಟ್ಟರು.

ಆಸ್ಪತ್ರೆಯ ಸಾಮಾನು ಹಾಳು ಮಾಡಿದ್ದಾರೆ, ಹೇಳಿದ ಮಾತು ಕೇಳುವುದಿಲ್ಲ ಎಂದು ಒಂದು ಕಾಗದ ತಯಾರಾಗಿ ನನ್ನ ಮೇಜಿಗೆ ಬಂತು. ವಾರ್ಡಿನವಳು ಸಹಿ ಮಾಡಬೇಕು. ಆ ವರ್ಷ ನನ್ನನ್ನು ಇನ್‌ಚಾರ್ಜ್ ಸಿಸ್ಟರ್ ಮಾಡುವ ಮಾತು ನಡೆದಿತ್ತು. ಹೆದರಿಕೆಯೂ ಇತ್ತು, ಆಸೆಯೂ ಇತ್ತು. ಯಾವುದು ಎಷ್ಟಿತ್ತು ಅಂತ ಈಗ ತೂಗಲಾರೆ. ಸಹಿ ಮಾಡಿದೆ. ಕಾಕಾನನ್ನು ಕೆಲಸದಿಂದ ತೆಗೆದರು, ನನ್ನನ್ನು ಇನ್‌ಚಾರ್ಜ್ ಮಾಡಿದರು. ಕಟ್ಟಿಗೆಯ ತುಂಡು ಕಿತ್ತು ಹೊಸ ಚಿಲಕ ಹಾಕುವಾಗ ಏಣಿ ಹಿಡಿದು ನಿಂತವಳೂ ನಾನೇ.

ಅದೇ ವರ್ಷದ ಛಳಿಗಾಲ. ಸ್ಪೆಶಲ್ ರೂಮಿನಲ್ಲಿ ಚೊಚ್ಚಲ ಬಾಣಂತಿ, ನಾಲ್ಕು ದಿನದ ಕೂಸು, ಜೊತೆಗೆ ಕೂಸಿನ ಅಜ್ಜಿ. ಬೆಳಿಗ್ಗೆ ಎರೆದುಕೊಂಡು ಮಲಗಿದ್ದರು. ನಾನು ಹೋದಾಗ ಅಜ್ಜಿ ಕೆಂಡದ ಬುಟ್ಟಿಯನ್ನು ಮಂಚದ ಕೆಳಗೆ ಸರಿಸಿ ಲೋಬಾನ ಹಾಕುತ್ತಿದ್ದಳು. ಹಳೆಯ ಕಟ್ಟಡದಲ್ಲಾದರೆ ಕಾಕಾ ಎದುರು ಕೂತು ಗೇಣು ತೋರಿಸುತ್ತಿದ್ದರು. ನಾನು ಬುಟ್ಟಿ ಹೊರಗೆ ಹಾಕಿರಿ ಅಂದೆ.

"ಹೊಗಿ ಇಲ್ಲ ಬಿಡ್ರಿ ಅಕ್ಕೋರ, ಬರೀ ಕೆಂಡ. ಕೂಸು ಥಂಡಿಗೆ ನಡಗಾಕತ್ತದ" ಅಂದಳು.

ಲೋಬಾನದ ವಾಸನೆ ತುಂಬಿತ್ತು. ಅದು ಹೋಗಲೆಂದು ನಾನು ರಿಮೋಟು ತೆಗೆದುಕೊಂಡು ಎಸಿಯನ್ನು ಫ್ಯಾನಿಗೆ ಹಾಕಿದೆ. "ಇದು ಹೊಲಸು ಹವಾ ಎಲ್ಲಾ ಜಗ್ಗಿ ಹೊರಗ ಹಾಕ್ತದ ಆಯಿ" ಅಂತ ನನ್ನ ಬಾಯಿಂದಲೇ ಹೇಳಿದೆ. ಹೊಗೆ ಎಸಿಯ ಮೇಲೆ ಹೋಗಿ ಕೆಳಗೆ ಬರುತ್ತಿತ್ತು, ನನ್ನ ಕಣ್ಣೆದುರಿಗೆ. ನನಗೆ ಅದು ಹೊರಗೆ ಹೋಗುವ ಹಾಗೆ ಕಂಡಿತು. ಬಾಗಿಲು ಎಳೆದುಕೊಂಡು ಬಂದೆ.

ಕಾಕಾ ಆ ದಿನ ಆಸ್ಪತ್ರೆಗೆ ಬಂದಿದ್ದರು. ಪಂಪಿನ ಕೋಣೆಯಲ್ಲಿ ಉಳಿದ ತಮ್ಮ ಪಾನಾ, ಇಕ್ಕಳದ ಸಾಮಾನು ಕೇಳಲು ಬಂದು, ಅವು ಸಿಕ್ಕು, ಹೊರಗೆ ವರಾಂಡದ ಕಟ್ಟಿಗೆ ಬಾಂಕಿನ ಮೇಲೆ ಕೂತಿದ್ದರು. ಹನ್ನೊಂದರ ಸುಮಾರಿಗೆ ಸ್ಪೆಶಲ್ ರೂಮಿನ ಅಜ್ಜಿ ಬಾಗಿಲು ತೆಗೆದು ಎರಡು ಹೆಜ್ಜೆ ಬಂದು, ಗೋಡೆ ಹಿಡಿದು, ವಾಂತಿ ಮಾಡಿಕೊಂಡು ಬಿದ್ದಳು. ನಾನು ಓಡಿ ಬಂದು ಅಜ್ಜಿಯ ನಾಡಿ ಹಿಡಿದು ಕೂತೆ. ಕಾಕಾ ಅಜ್ಜಿಯನ್ನು ದಾಟಿ ಒಳಗೆ ಹೋದರು. ಗಾಜು ಒಡೆದ ಸಪ್ಪಳ ಕೇಳಿತು, ಒಂದಾದ ಮೇಲೊಂದು. ಬಾಣಂತಿಯನ್ನು ಎತ್ತಿ ತಂದು ವರಾಂಡದಲ್ಲಿ ಮಲಗಿಸಿದರು. ಕೂಸನ್ನು ನನ್ನ ಕೈಗೆ ಕೊಟ್ಟರು. ಅವರ ಮುಂಗೈಯಿಂದ ರಕ್ತ ಸೋರಿ ಕೂಸಿನ ಕುಂಚಿಗೆಗೆ ಹತ್ತಿತ್ತು.

ತಾಯಿ ಉಳಿದಳು, ಅಜ್ಜಿ ಉಳಿದಳು. ಕೂಸು ಉಳಿಯಲಿಲ್ಲ. ಡಾಕ್ಟರರೂ ನಾನೂ ಮಾಡುವುದನ್ನೆಲ್ಲ ಮಾಡಿದೆವು, ಮಾಡುವಾಗಲೇ ಗೊತ್ತಿತ್ತು. ನನ್ನ ಕೈಯ ಕೆಂಡದಿಂದಲೇ ಆಯಿತು ಅಂತ ಆ ಮುದುಕಿ ಎದೆ ಬಡಿದುಕೊಳ್ಳುತ್ತ ಊರಿಗೆ ಹೋದಳು. ನಿನ್ನೊಬ್ಬಳ ಕೈಯಿಂದಲ್ಲ ಅಂತ ನಾವು ಯಾರೂ ಹೇಳಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನಗೆ ಕೆಟ್ಟ ಮೇಲೂ ಬುದ್ಧಿ ಬರಲಿಲ್ಲ, ಅದು ಮುಂದಿನ ಮಾತು.

ಟ್ರಸ್ಟಿನಿಂದ ಮೂವರು ಹಿರಿಯರು ವಿಚಾರಣೆಗೆ ಬಂದರು. ದೊಡ್ಡ ಡಾಕ್ಟರರು ಪಕ್ಕದಲ್ಲೇ ಕೂತಿದ್ದರು. ಕೆಂಡ ಒಳಗೆ ತರಲು ಯಾರು ಬಿಟ್ಟರು ಎಂದು ಕೇಳಿದರು. ಬೇಡವೆಂದರೂ ಕೇಳಲಿಲ್ಲ ಅಂದೆ. ಕೋಣೆಯಲ್ಲಿ ಗಾಳಿಯಾಡಲು ವ್ಯವಸ್ಥೆ ಇತ್ತೇ ಎಂದು ಕೇಳಿದರು. ಆ ಮೂವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮೇಣ ಹಾಕಿಸಿದ ದೊಡ್ಡ ಡಾಕ್ಟರರು ಹೇಳುವವರಲ್ಲ, ಹೇಳಬಹುದಾದವಳು ಆ ಕೋಣೆಯಲ್ಲಿ ನಾನೊಬ್ಬಳೇ.

"ಎಸಿ ಚಾಲೂ ಇತ್ರಿ" ಅಂದೆ.

ಅದು ಖರೇ ಮಾತೇ. ಅವರು ಗಾಳಿಯ ವ್ಯವಸ್ಥೆ ಇತ್ತು ಎಂದು ಬರೆದುಕೊಂಡರು. ಮೇಣ ಹಾಕಿದ ಕಿಟಕಿ, ಕಿತ್ತ ಕಟ್ಟಿಗೆ ತುಂಡು, ಒಂದು ಗೇಣು ಕೇಳಿ ಮೂರು ಸಲ ಬಂದು ಹೋದ ಮನುಷ್ಯ, ಯಾವುದೂ ಕಾಗದಕ್ಕೆ ಹತ್ತಲಿಲ್ಲ. ನಾನೊಂದು ಮಾತು ಹೇಳಿದ್ದರೆ ಕಾಕಾನ ಕೆಲಸ ತಿರುಗಿ ಬರುತ್ತಿತ್ತು, ನನ್ನದು ಹೋಗುತ್ತಿತ್ತು. ಅಷ್ಟು ಸ್ಪಷ್ಟವಾಗಿತ್ತು ಅದು.

ಕಾಕಾ ಆ ದಿನ ಬೆಳಿಗ್ಗೆಯಿಂದ ಹೊರಗಿನ ಬಾಂಕಿನ ಮೇಲೆ ಕೂತಿದ್ದರು, ತಮ್ಮನ್ನೂ ಕರೆಯುತ್ತಾರೆಂದು. ಒಗೆದ ಖಾಕಿ ಅಂಗಿ, ಮುಂಗೈಗೆ ನಾನೇ ಕಟ್ಟಿದ ಪಟ್ಟಿ. ಯಾರೂ ಕರೆಯಲಿಲ್ಲ. ನಾನು ಹೊರಬಂದಾಗ ಎದ್ದು ನಿಂತರು.

"ಕಿಡಕಿ ವಿಷಯ ಬಂತೇನ್ರಿ ಅಕ್ಕೋರ?"

"ಬಂತು ಕಾಕಾ" ಅಂದೆ. "ಎಲ್ಲಾ ಬರಕೊಂಡಾರ."

ಅವರು ನನ್ನ ಮುಖ ನೋಡಿದರು. "ಹಂಗಾದ್ರ ಇನ್ನ ಮ್ಯಾಲರ ಬಿಡ್ತಾರ, ಒಂದು ಗೇಣು" ಅಂದರು. ಕೆಲಸದ ಮಾತೇ ಎತ್ತಲಿಲ್ಲ. ಬಗಲಲ್ಲಿ, ಅಂದು ಗಡಿಬಿಡಿಯಲ್ಲಿ ಬಿಟ್ಟುಹೋಗಿದ್ದ ಪಾನಾ, ಇಕ್ಕಳದ ಚೀಲ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಅದಾಗಿ ಹನ್ನೊಂದು ವರ್ಷ. ನಾನು ನಿವೃತ್ತಳಾಗಿ ಯಾದಗಿರಿಗೆ ಬಂದೆ. ಶಹಾಪುರದ ಬಸ್ಸು ನನ್ನ ಮನೆಯ ಮುಂದಿನಿಂದಲೇ ಹೋಗುತ್ತದೆ, ಹತ್ತಿದರೆ ಅರ್ಧ ದಿನದಲ್ಲಿ ಹೋಗಿಬರುವ ದಾರಿ. ಹತ್ತಲಿಲ್ಲ. ಹತ್ತಿದ್ದು ಮೊನ್ನೆ, ಆಯಾಳ ಫೋನು ಬಂದ ಮೇಲೆ. ಶಹಾಪುರದಲ್ಲಿಳಿದು ಶೇರ್ ಆಟೋ ಹಿಡಿದು ಗೋಗಿ ಕಡೆ ಅವರ ಊರಿಗೆ ಹೋದೆ.

ಎರಡಂಕಣದ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮೊಳೆಗೆ ತೂಗುಹಾಕಿದ ಖಾಕಿ ಅಂಗಿ. ಅವರ ಹೆಂಡತಿಯನ್ನು ನಾನು ಎರಡು ಮೂರು ಸಲ ನೋಡಿದ್ದೆ, ಆಕೆ ನನ್ನನ್ನು ಕೂಡಲೇ ಗುರುತು ಹಿಡಿದಳು. ಚಾಪೆ ಹಾಸಿದಳು, ಚಾ ಕಾಸಿ ತಂದಳು. ಕೊನೆಯ ಹದಿನೈದು ದಿನ ಅವರನ್ನು ದೊಡ್ಡ ಊರಿನ ಆಸ್ಪತ್ರೆಯಲ್ಲಿಟ್ಟಿದ್ದರಂತೆ. ದಮ್ಮು ಹತ್ತಿತ್ತು, ಎಸಿ ವಾರ್ಡು.

"ದಿನಾ ಒಂದ ಮಾತು ಕೇಳತಿದ್ರು. ಮ್ಯಾಲಿನ ಕಿಡಕಿ ತೆರದದೇನು ನೋಡು ಅಂತಿದ್ರು. ತೆರದದ ಅಂತಿದ್ನಿ. ಅಲ್ಲಿ ತೆರಿಯೋ ಕಿಡಕೀನ ಇರಲಿಲ್ರಿ ಅಕ್ಕೋರ, ಬರೀ ಗಾಜು. ಸಾಯೋ ಮನುಷ್ಯಾಗ ಸುಳ್ಳು ಹೇಳಿದ್ನಿ. ತಪ್ಪೇನ್ರಿ?"

ನನ್ನನ್ನು ಕೇಳಿದಳು, ಇದನ್ನು. ಡ್ಯೂಟಿ ರೂಮಿನ ಗೋಡೆಯ ಆ ಗುಂಡಿ ನೆನಪಾಯಿತು, ವೈರಿಲ್ಲದ್ದು.

ಆಕೆ ಕಣ್ಣೊರೆಸಿಕೊಂಡು ಮತ್ತೆ ಮಾತಾಡಿದಳು. "ನಿಮ್ಮ ಹೆಸರು ಭಾಳ ತೆಗೀತಿದ್ರು. ಅಕ್ಕೋರು ಎಲ್ಲಾ ಹೇಳ್ಯಾರ, ಅವ್ರು ಬರಕೊಂಡಾರ, ಇವತ್ತಿಲ್ಲ ನಾಳಿ ಕಾಗದ ಬರತದ ಅಂತಿದ್ರು. ಬ್ಯಾರೆ ಕಡಿ ಕೆಲಸಕ್ಕ ಹೋಗ್ರಿ ಅಂದ್ರ, ಕರದಾಗ ನಾ ಇರಲಿಲ್ಲ ಅಂದ್ರ ಹ್ಯಾಂಗ ಅಂತ ಪಕ್ಕಾ ಕೆಲಸ ಯಾವದೂ ಹಿಡೀಲಿಲ್ಲ. ಪೋಸ್ಟಿನವ ಓಣ್ಯಾಗ ಬಂದ್ರ ಎದ್ದು ಕುಂದರತಿದ್ರು." ಚಾದ ಕಪ್ಪು ನನ್ನತ್ತ ಸರಿಸಿ ಕೇಳಿದಳು. "ಆ ಕಾಗದ ಯಾಕ ಬರಲಿಲ್ರಿ ಅಕ್ಕೋರ?"

"ಬರಕೊಂಡಿರಲಿಲ್ಲವ್ವ" ಅಂದೆ. "ನಾ ಹೇಳೇ ಇರಲಿಲ್ಲ. ಕೆಲಸದಿಂದ ತೆಗಿಯಾಕ ಸಹಿ ಮಾಡಿದಾಕಿನೂ ನಾನ."

ಆಕೆ ನನ್ನನ್ನು ನೋಡಿದಳು, ಆಮೇಲೆ ಮೊಳೆಗೆ ತೂಗಿದ್ದ ಅಂಗಿಯನ್ನು ನೋಡಿದಳು. ಬಯ್ಯುತ್ತಾಳೆ ಅಂದುಕೊಂಡೆ, ಬಯ್ಯಲಿ ಅಂತಲೂ ಅಂದುಕೊಂಡೆ. ಎದ್ದು ಹೋಗು ಅನ್ನಲಿ ಅಂದುಕೊಂಡೆ.

"ಚಾ ಆರಾಕತ್ತದ" ಅಂದಳು. "ಕುಡೀರಿ."

ನಾನು ಕುಡಿದೆ.